ಸ್ಪ್ರಿಂಗ್ ಏರ್ ಗನ್ನಿಗೆ ಸ್ಕೋಪ್, 6 ಸಾವಿರದ ಒಳಗೆ ಯಾವ್ದು ತಗೋಬೋದು?

ಮೇಗರವಳ್ಳಿ_ತೋಟ:
ಎಲ್ರಿಗೂ ನಮಸ್ಕಾರ. ತೀರ್ಥಹಳ್ಳಿ ತಾಲ್ಲೂಕು, ಮೇಗರವಳ್ಳಿ ಕಡೆ ನಮ್ದು. ಎರಡು ವರ್ಷದ ಹಿಂದೆ ಒಂದು ಏರ್ ಗನ್ ತಗೊಂಡೆ, 0.177 ಇಂಚಿನ ಪೆಲೆಟ್ (ಸಣ್ಣ ಗುಂಡು) ಹಾಕೋದು, ನಳಿಗೆ ಬಗ್ಗಿಸಿ ಲೋಡ್ ಮಾಡೋ ಸ್ಪ್ರಿಂಗ್ ಟೈಪು. ಕೊನೆ ಕೊಯ್ಲು ಮುಗಿದ್ಮೇಲೆ ಸಂಜೆ ಹೊತ್ತು ಮಗಳೂ ನಾನೂ ಕಣದ ಆ ಕಡೆ ಧರೆಗೆ ಅಡಿಕೆ ಹಾಳೆ ಒರಗಿಸಿ, ಇದ್ಲಲ್ಲಿ ರೌಂಡ್ ಬರೆದು ಹೊಡೀತೀವಿ. ಟೇಪ್ ಹಿಡಿದು ಅಳೆದಿದೀನಿ, 20 ಮೀಟರ್. ಜಾಗ ಇರೋದೇ 25 ಮೀಟರಿಗೆ.

ಸಮಸ್ಯೆ ನನ್ ಕಣ್ಣು. 48 ಆಯ್ತು, ಚಾಳೀಸು ಬಂದಿದೆ. ಕನ್ನಡಕ ಹಾಕಿದ್ರೆ ಹಿಂದಿನ ಸೈಟ್ ನೆಟ್ಟಗೆ ಕಾಣುತ್ತೆ, ಹಾಳೆ ಮಸುಕು. ತೆಗೆದ್ರೆ ಹಾಳೆ ಕಾಣುತ್ತೆ, ಸೈಟಿನ ಗಾಡಿ (ಗುರಿ ಹಿಡಿಯೋ ಕಚ್ಚು) ಎರಡೆರಡಾಗಿ ಹರಡ್ಕೊಂಡು ಕೂತಿರುತ್ತೆ. ಹೋದ್ ತಿಂಗಳಿಂದ ಗುರಿ ಹಿಡಿಯೋದೇ ಬೇಜಾರಾಗ್ಬಿಟ್ಟಿದೆ. ಅದಕ್ಕೆ ಸ್ಕೋಪ್, ಅಂದ್ರೆ ಗುರಿ ಹಿಡಿಯೋ ದುರ್ಬೀನು, ಹಾಕೋಣ ಅಂತ.

ಬಜೆಟ್ 6 ಸಾವಿರ, ಅದ್ರ ಮೇಲೆ ಒಂದ್ ರೂಪಾಯಿ ಆಗಲ್ಲ. ಶಿವಮೊಗ್ಗದಲ್ಲಿ ಒಂದು ಅಂಗಡೀಲಿ 4×20 (4 ಪಟ್ಟು ದೊಡ್ಡದಾಗಿ ತೋರಿಸೋದು, ಮುಂದಿನ ಗಾಜು 20 ಮಿಲಿಮೀಟರ್) ತೋರಿಸಿದ್ರು ಸಾವಿರದ ಒಳಗೆ, 3-9×40 ಎರಡೂವರೆಗೆ. ಆನ್‌ಲೈನಲ್ಲಿ 6-24×50 ನಾಲ್ಕೂವರೆಗೆ ಇದೆ, ಕೆಂಪು ಹಸಿರು ಲೈಟೂ ಬರುತ್ತೆ. ಅದನ್ನೇ ತಗೊಳೋಣ ಅಂತ ಮನಸ್ಸು. ಗೊತ್ತಿದ್ದವ್ರು ಹೇಳಿ.

ಹೊಸನಗರದ_ಹುಡ್ಗ:
6-24 ತಗೊಳಿ ಅಣ್ಣ, ಝೂಮ್ ಜಾಸ್ತಿ ಇದ್ದಷ್ಟೂ ಒಳ್ಳೇದು ಅಲ್ವಾ. ಲೈಟ್ ಬೇರೆ ಇದೆ.

ಕೊಪ್ಪ_ಸ್ಪ್ರಿಂಗರ್:
ಬೇಡ ಬೇಡ ಬೇಡ. ಮಾರಾಯ್ರೆ ಆರ್ಡರ್ ಮಾಡಿದ್ರೆ ಈಗ್ಲೇ ಕ್ಯಾನ್ಸಲ್ ಮಾಡಿ.

ಸ್ಪ್ರಿಂಗ್ ಏರ್ ಗನ್ ಅಂದ್ರೆ ಎಲ್ರೂ "ಅದೇನು ಮಕ್ಕಳಾಟ, ಒದೆಯೋದೇ ಇಲ್ಲ" ಅಂದ್ಕೋತಾರೆ. ಸ್ಕೋಪಿಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಟ್ರಿಗರ್ ಎಳೆದ ತಕ್ಷಣ ಒಳಗಿನ ಪಿಸ್ಟನ್ ಮುಂದೆ ನುಗ್ಗುತ್ತೆ, ಗನ್ ಹಿಂದೆ ಬರುತ್ತೆ, ಇದು ಎಲ್ಲಾ ಬಂದೂಕಲ್ಲೂ ಇರೋದೇ. ಆದ್ರೆ ಪಿಸ್ಟನ್ ಕೊನೆಗೆ ಹೋಗಿ ಗಾಳಿಗೆ ಢಿಕ್ಕಿ ಹೊಡೆದು ನಿಲ್ಲುತ್ತಲ್ಲ, ಆಗ ಇಡೀ ಗನ್ ಮುಂದಕ್ಕೆ ಜಗ್ಗುತ್ತೆ. ಒಂದೇ ಈಡಿಗೆ ಹಿಂದೊಂದ್ಸಲ ಮುಂದೊಂದ್ಸಲ. ಸ್ಕೋಪ್ ಮಾಡುವಾಗ ಹಿಂದಿನ ಒದೆತ ಒಂದನ್ನೇ ಲೆಕ್ಕ ಹಾಕಿದ್ರೆ ಲೆನ್ಸು, ಕ್ರಾಸ್ ಗೆರೆ ಎಲ್ಲಾ ಆ ಒಂದೇ ದಿಕ್ಕಿಗೆ ಆನಿಸಿ ಕೂರಿಸಿರ್ತಾರೆ. ಮುಂದಕ್ಕೆ ಜಗ್ಗಿದಾಗ ಹಿಡ್ಕೊಳೋಕೆ ಎಂತದೂ ಇರಲ್ಲ.

ನಾನು ಮೂರು ವರ್ಷದ ಹಿಂದೆ ಇದೇ ತಪ್ಪು ಮಾಡಿದೆ. ದೊಡ್ಡ ಝೂಮಿನದು, ಹೆಸ್ರು ಬೇಡ. ಮೊದ್ಲ ನೂರು ಈಡು ಭರ್ಜರಿ. ಆಮೇಲೆ ಗುಂಪು ಹರಡೋಕೆ ಶುರು. ನನ್ ಕೈ ಸರಿ ಇಲ್ಲ ಅಂತ ಒಂದ್ ವಾರ ಒದ್ದಾಡಿದೆ. ಒಂದಿನ ಸ್ಕೋಪ್ ಬಿಚ್ಚಿ ಕಿವಿ ಹತ್ರ ಅಲ್ಲಾಡಿಸಿ ನೋಡ್ತೀನಿ, ಒಳಗೆ ಗೇರುಬೀಜ ಹಾಕಿದ್ಹಂಗೆ ಸದ್ದು. ಕ್ರಾಸ್ ಗೆರೆ ಹತ್ತು ಡಿಗ್ರಿ ವಾಲಿತ್ತು.

ಝೂಮ್ ಎಷ್ಟು ಅಂತ ಆಮೇಲೆ ನೋಡಿ. ಪೆಟ್ಟಿಗೆ ಮೇಲೆ "ಸ್ಪ್ರಿಂಗ್ ಏರ್ ರೈಫಲ್ಲಿಗೆ ಆಗುತ್ತೆ" ಅಂತ ಬರೆದಿದೆಯಾ ಅಂತ ಮೊದ್ಲು ನೋಡಿ. "ಶಾಕ್ ಪ್ರೂಫ್" ಅಂತ ಬರೀ ಬರೆದಿದ್ರೆ ಸಾಲಲ್ಲ.

ಹೊಸನಗರದ_ಹುಡ್ಗ:
ಓ ಇದು ಗೊತ್ತೇ ಇರ್ಲಿಲ್ಲ.

ಭದ್ರಾವತಿ_ಟರ್ನರ್:
ಸ್ಪ್ರಿಂಗರ್ ಹೇಳಿದ್ದು ನೂರಕ್ಕೆ ನೂರು. ನಾನು ಇನ್ನೊಂದು ಸೇರಿಸ್ತೀನಿ, ಮೌಂಟು, ಅಂದ್ರೆ ಸ್ಕೋಪನ್ನ ಗನ್ ಮೇಲೆ ಹಿಡಿದಿಡೋ ಸಾಮಾನು. 6 ಸಾವಿರದಲ್ಲಿ ಸಾವಿರ ರೂಪಾಯಿ ಮೌಂಟಿಗೆ ಅಂತ ಮೊದ್ಲೇ ತೆಗೆದು ಪಕ್ಕಕ್ಕಿಡಿ, ಉಳಿದಿದ್ದು ಸ್ಕೋಪಿಗೆ.

ಲೇತ್ ಮೇಲೆ ಮೂವತ್ತು ವರ್ಷ ಕೆಲಸ ಮಾಡಿದವ್ನು ನಾನು, ಬಿಗಿ ಅಂದ್ರೆ ಏನು ಅಂತ ಗೊತ್ತು. ಸ್ಕೋಪ್ ಜೊತೆ ಫ್ರೀ ಬರೋ ಎರಡು ಉಂಗುರ ಇರ್ತವಲ್ಲ, ಅವು ಸ್ಪ್ರಿಂಗ್ ಗನ್ ಮೇಲೆ ಜಾರ್ತವೆ. ಎಷ್ಟೇ ಬಿಗಿ ಮಾಡಿ, ಜಾರ್ತವೆ. ನೋಡೋದು ಹೆಂಗೆ ಅಂದ್ರೆ ಉಂಗುರದ ಹಿಂದೆ ರೈಲಿನ (ಗನ್ ಮೇಲೆ ಉಂಗುರ ಕೂರೋ ಪಟ್ಟಿ) ಮೇಲೆ ಪೆನ್ಸಿಲಲ್ಲಿ ಒಂದು ಗೆರೆ ಎಳೀರಿ, ಐವತ್ತು ಈಡು ಹೊಡೀರಿ. ಗೆರೆ ಉಂಗುರದ ಅಡಿಗೆ ಹೋಗಿರುತ್ತೆ.

ಒಂದೇ ತುಂಡಿನ ಮೌಂಟ್ ತಗೊಳಿ, ಕೆಳಗೆ ಒಂದು ಸಣ್ಣ ಪಿನ್ ಇರ್ಬೇಕು. ನಿಮ್ ಗನ್ ರೈಲಿನ ಹಿಂದೆ ಒಂದು ತೂತು ಇದ್ಯಾ ನೋಡಿ. ಪಿನ್ ಆ ತೂತಲ್ಲಿ ಕೂತ್ರೆ ಮೌಂಟ್ ಎಲ್ಲಿಗೂ ಹೋಗಲ್ಲ.

ಇನ್ನೊಂದು, ಆ ರೈಲಿಗೆ ಎಲ್ರೂ 11 ಮಿಲಿಮೀಟರ್ ಅಂತಾರೆ. ವರ್ನಿಯರ್ ಹಾಕಿ ನೋಡಿದ್ರೆ ಒಂದೊಂದು ಕಂಪನಿದು ಒಂದೊಂದು ಥರ, ಒಂಬತ್ತೂವರೆನೂ ಸಿಗುತ್ತೆ, ಹದಿಮೂರ್ ಚಿಲ್ರೆನೂ ಸಿಗುತ್ತೆ. ಅಳೆದು ತಗೊಳಿ. ಸ್ಕೋಪಿನ ಟ್ಯೂಬು 1 ಇಂಚಾ 30 ಮಿಲಿಮೀಟರಾ ಅದೂ ನೋಡ್ಕೊಳಿ, ಉಂಗುರ ಅದೇ ಅಳತೆದು ಬೇಕು.

ಮೇಗರವಳ್ಳಿ_ತೋಟ:
ರೈಲಿನ ಹಿಂದೆ ತೂತು ಇದೆ ಸರ್, ಇಷ್ಟ್ ದಿನ ಅದು ಎಣ್ಣೆ ಬಿಡೋಕೆ ಅಂದ್ಕೊಂಡಿದ್ದೆ. ವರ್ನಿಯರ್ ನಮ್ ಪಕ್ಕದ್ಮನೆ ಗ್ಯಾರೇಜ್ ಹುಡುಗನ ಹತ್ರ ಇದೆ, ನಾಳೆ ಅಳೀತೀನಿ.

ಕುಪ್ಪಳಿ_ಕ್ಯಾಮೆರಾ:
ಗನ್ನಿನ ವಿಷಯ ನಂಗೆ ಕಮ್ಮಿ, ಲೆನ್ಸಿನ ವಿಷಯ ಹೇಳ್ತೀನಿ. 25 ವರ್ಷದಿಂದ ಹಕ್ಕಿ ಫೋಟೋ ತೆಗೀತಿದೀನಿ, ಮಂಡಗದ್ದೆ ಗುಡವಿ ಎಲ್ಲಾ ಕಡೆ.

6-24×50 ಅಂದ್ರೆ ಮುಂದಿನ ಗಾಜು 50 ಮಿಲಿಮೀಟರ್. ಅದನ್ನ ಝೂಮಿಂದ ಭಾಗಿಸಿ. 24ಕ್ಕೆ ಇಟ್ರೆ ನಿಮ್ ಕಣ್ಣಿಗೆ ಬರೋ ಬೆಳಕಿನ ಬೊಟ್ಟು ಬರೀ 2 ಮಿಲಿಮೀಟರ್. ನಮ್ಮೂರಲ್ಲಿ ಸಂಜೆ ಐದಕ್ಕೇ ತೋಟದ ನೆರಳು ಕಣಕ್ಕೆ ಬಿದ್ದಿರುತ್ತೆ, ಆಗ ಕಣ್ಣಿನ ಪಾಪೆ ಅದರ ಎರಡರಷ್ಟು ಅಗಲ ಆಗಿರುತ್ತೆ. ಕತ್ತಲೆ ಕತ್ತಲೆ ಕಾಣುತ್ತೆ, ಕಣ್ಣು ಕೂದಲೆಳೆ ಸರಿದ್ರೂ ಪೂರ್ತಿ ಕಪ್ಪು. 3-9×40ನ 9ಕ್ಕಿಟ್ರೆ 4.4, 4ಕ್ಕಿಟ್ರೆ 10. ನೆಮ್ಮದಿಯಾಗಿ ನೋಡ್ಬೋದು. 20 ಮೀಟರಿಗೆ 6 ಪಟ್ಟು ಸಾಕೇ ಸಾಕು, ಹಾಳೆ ಮೂರ್ ಮೀಟರ್ ಮುಂದೆ ಇಟ್ಟಂಗೆ ಕಾಣುತ್ತೆ.

ಅದಕ್ಕಿಂತ ಮುಖ್ಯ, ಹತ್ತಿರದ ಫೋಕಸ್ಸು. ಮಾಮೂಲಿ ಸ್ಕೋಪನ್ನ ಫ್ಯಾಕ್ಟರೀಲೇ 100 ಗಜಕ್ಕೆ ಸೆಟ್ ಮಾಡಿ ಸೀಲ್ ಮಾಡಿರ್ತಾರೆ, ಸಣ್ಣ ರೈಫಲ್ಲಿನದಾದ್ರೆ 50 ಗಜಕ್ಕೆ. ನೀವು 20 ಮೀಟರ್ ನೋಡಿದ್ರೆ ಮಸುಕೂ ಆಗುತ್ತೆ, ಪ್ಯಾರಲಾಕ್ಸೂ ಬರುತ್ತೆ. ಗನ್ನನ್ನ ಮರಳು ಚೀಲದ ಮೇಲೆ ಅಲ್ಲಾಡದ ಹಾಗೆ ಇಟ್ಟು, ಮುಟ್ಟದೆ, ಬರೀ ತಲೆ ಆ ಕಡೆ ಈ ಕಡೆ ಮಾಡಿ ನೋಡಿ. ಗೆರೆ ಹಾಳೆ ಮೇಲೆ ಓಡಾಡುತ್ತೆ. ಕಣ್ಣು ಪೂರ್ತಿ ಅಂಚಿಗೆ ಹೋದ್ರೆ 20 ಮೀಟರಲ್ಲಿ ಹತ್ತು ಹದಿನೈದು ಮಿಲಿಮೀಟರ್ ತನಕ ತಪ್ಪಾಗ್ಬೋದು. ಅದಕ್ಕೆ ಮುಂದಿನ ಗಾಜಿನ ಸುತ್ತ ತಿರುಗಿಸೋ ಬಳೆ ಇರೋದು ಬೇಕು, ಎಒ ಅಂತ ಬರೆದಿರುತ್ತೆ. ಆ ಬಳೆ ಮೇಲಿನ ಅಂಕಿ 10 ಗಜದಿಂದ ಶುರುವಾಗ್ಬೇಕು.

ಸಾಗರ_ಎಲೆಕ್ಟ್ರಿಷಿಯನ್:
ಅದಕ್ಕೆ ದುಡ್ ಯಾಕೆ. ಮಾಮೂಲಿ ಸ್ಕೋಪಿನ ಮುಂದಿನ ಬಳೆ ಬಿಚ್ಚಿ, ಲೆನ್ಸ್ ಹೊರಗಡೆಗೆ ಸ್ವಲ್ಪ ತಿರುಗಿಸಿದ್ರೆ 20 ಮೀಟರಿಗೆ ಬರುತ್ತೆ. ನಾನೇ ಮಾಡಿದೀನಿ, ಹತ್ ನಿಮಿಷದ ಕೆಲಸ.

ಕುಪ್ಪಳಿ_ಕ್ಯಾಮೆರಾ:
ಫೋಕಸ್ ಬರುತ್ತೆ, ಒಪ್ತೀನಿ. ಆದ್ರೆ ಒಳಗೆ ನೈಟ್ರೋಜನ್ ತುಂಬಿರ್ತಾರೆ ತೇವ ಇರ್ಬಾರ್ದು ಅಂತ. ಬಿಚ್ಚಿದ ಕ್ಷಣ ಅದು ಹೋಯ್ತು, ನಮ್ಮೂರ ಗಾಳಿ ಒಳಗೆ ಬಂತು. ಸಾಗರ ಪೇಟೇಲಿ ಹೆಂಗೋ ನಡೆಯುತ್ತೆ, ಆಗುಂಬೆ ಪಕ್ಕದಲ್ಲಿರೋ ಮೇಗರವಳ್ಳೀಲಿ ಜುಲೈ ತಿಂಗಳಲ್ಲಿ ಒಂದ್ ವಾರಕ್ಕೆ ಗಾಜಿನ ಒಳಮೈಗೆ ಆವಿ ಕಟ್ಟುತ್ತೆ, ಮಳೆಗಾಲ ಮುಗಿಯೋದ್ರೊಳಗೆ ಬೂಷ್ಟು. ಲೆನ್ಸಿಗೆ ಬೂಷ್ಟು ಹಿಡಿದ್ರೆ ಜೇಡರ ಬಲೆ ಥರ ಬೇರು ಬಿಡುತ್ತೆ, ಗಾಜಿನ ಕೋಟಿಂಗನ್ನೇ ತಿನ್ನುತ್ತೆ, ಆಮೇಲೆ ಒರೆಸಿದ್ರೂ ಕಲೆ ಹೋಗಲ್ಲ. ನಾನು ಎರಡು ಒಳ್ಳೆ ಲೆನ್ಸ್ ಹಿಂಗೇ ಕಳ್ಕೊಂಡಿದೀನಿ, ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಸಾಗರ_ಎಲೆಕ್ಟ್ರಿಷಿಯನ್:
ಸರಿ ಅದು ನಿಜ. ನಂದು ಬೇಸಿಗೇಲಿ ಮಾಡಿದ್ದು, ಇನ್ನೂ ಮಳೆಗಾಲ ನೋಡಿಲ್ಲ.

ಶೃಂಗೇರಿ_ಮಾಣಿ:
ಇಷ್ಟೆಲ್ಲಾ ತಲೆಬಿಸಿ ಎಂತಕ್ಕೆ. 2008ರಲ್ಲಿ ಬೀಜಿಂಗಲ್ಲಿ ಅಭಿನವ್ ಬಿಂದ್ರಾ ಚಿನ್ನ ಹೊಡೆದಿದ್ದು ಸ್ಕೋಪ್ ಇಲ್ದೇನೇ. 10 ಮೀಟರ್ ಏರ್ ರೈಫಲ್ಲಲ್ಲಿ ಸ್ಕೋಪ್ ಹಾಕೋ ಹಾಗೇ ಇಲ್ಲ. ಅಲ್ಲಿ ಹತ್ತು ಪಾಯಿಂಟಿನ ಚುಕ್ಕೆ ಬರೀ ಅರ್ಧ ಮಿಲಿಮೀಟರ್! ಅಭ್ಯಾಸ ಮಾಡಿ ಅಂಕಲ್, ಸ್ಕೋಪ್ ಬೇಡ.

ಕೊಪ್ಪ_ಸ್ಪ್ರಿಂಗರ್:
ಅವ್ರ ಹತ್ರ ಚಾಳೀಸಿನ ಕಣ್ಣು ಇರ್ಲಿಲ್ಲ ಮಾಣಿ. ಮತ್ತೆ ಅವ್ರದ್ದು ನಮ್ ಗನ್ನಿನ ಗಾಡಿ ಸೈಟ್ ಅಲ್ಲ, ಪೀಪ್ ಸೈಟ್.

ತೀರ್ಥಹಳ್ಳಿ_ಕನ್ನಡಕ:
ಇಲ್ಲಿ ನಾನು ಮಾತಾಡ್ಲೇಬೇಕು, ಕನ್ನಡಕದಂಗಡಿ ನಮ್ದು, ಕಣ್ಣು ಪರೀಕ್ಷೆ ನಾನೇ ಮಾಡೋದು.

ಮಾಣಿ ಹೇಳಿದ್ರಲ್ಲಿ ಒಂದು ಒಳ್ಳೆ ಅಂಶ ಇದೆ, ಬಿಟ್ ಹಾಕ್ಬೇಡಿ. ಪೀಪ್ ಸೈಟ್ ಅಂದ್ರೆ ಸಣ್ಣ ತೂತು. ಸಣ್ಣ ತೂತಲ್ಲಿ ನೋಡಿದ್ರೆ ಹತ್ರದ್ದೂ ದೂರದ್ದೂ ಎರಡೂ ತಕ್ಕಮಟ್ಟಿಗೆ ಸ್ಪಷ್ಟ ಆಗುತ್ತೆ. ನಂಬಿಕೆ ಇಲ್ಲ ಅಂದ್ರೆ ಕನ್ನಡಕ ತೆಗೆದು, ವಿಸಿಟಿಂಗ್ ಕಾರ್ಡಿಗೆ ಗುಂಡುಸೂಜೀಲಿ ಒಂದು ತೂತು ಮಾಡಿ, ಅದ್ರಲ್ಲಿ ಪೇಪರ್ ಓದಿ ನೋಡಿ, ಅಕ್ಷರ ಕಾಣುತ್ತೆ. ಹಿಂದಿನ ಗಾಡಿ ಸೈಟ್ ತೆಗೆದು ಅದೇ ರೈಲಿಗೆ ಪೀಪ್ ಹಾಕಿದ್ರೆ ನೀವು ನೋಡ್ಬೇಕಾಗಿರೋದು ಮುಂದಿನ ಸೈಟ್ ಮತ್ತೆ ಹಾಳೆ, ಎರಡೇ. ಒಡೆಯೋಕೆ ಲೆನ್ಸೇ ಇಲ್ಲ, ಬೂಷ್ಟಿಲ್ಲ. ಒಂದೇ ತೊಂದ್ರೆ, ಬೆಳಕು ಕಮ್ಮಿಯಾದ್ರೆ ಕತ್ತಲೆ. ನಿಮ್ದು ಸಂಜೆ ಆಟ.

ಸ್ಕೋಪ್ ತಗೊಂಡ್ರೆ ಹಿಂದಿನ ಕಣ್ಣಿನ ಹತ್ರ ಇರೋ ಬಳೇನೂ ತಿರುಗುತ್ತೆ, ಅದು ಗೆರೆನ ನಿಮ್ ಕಣ್ಣಿಗೆ ಹೊಂದಿಸೋಕೆ. ಬಿಳಿ ಗೋಡೆಗೆ ಹಿಡಿದು ಒಂದ್ ಕ್ಷಣ ನೋಡಿ, ಕಣ್ತೆಗೀರಿ, ತಿರುಗಿಸಿ, ಮತ್ತೆ ನೋಡಿ. ಕಣ್ಣಿಟ್ಟ ತಕ್ಷಣ ಗೆರೆ ಕರ್ರಗೆ ಕಾಣ್ಬೇಕು. ಒಂದೇ ಸಮ ದಿಟ್ಟಿಸ್ತಾ ತಿರುಗಿಸ್ಬೇಡಿ, ಕಣ್ಣು ತಾನೇ ಹೊಂದಿಕೊಂಡು ಮೋಸ ಮಾಡುತ್ತೆ.

ರೆಡ್ ಡಾಟ್ (ಗಾಜಲ್ಲಿ ಕೆಂಪು ಚುಕ್ಕೆ ತೋರಿಸೋ ಸೈಟ್) ತಗೊಳಿ ಅಂತ ಯಾರಾದ್ರೂ ಹೇಳೋದ್ರೊಳಗೆ ಹೇಳ್ಬಿಡ್ತೀನಿ, ಸಿಲಿಂಡರ್ ಪವರ್ ಇರೋರಿಗೆ ಆ ಚುಕ್ಕೆ ನಕ್ಷತ್ರದ ಥರ ಚದುರಿ ಕಾಣುತ್ತೆ. ಒಂದ್ಸಲ ನೋಡದೆ ದುಡ್ಡು ಕೊಡ್ಬೇಡಿ.

ಮೇಗರವಳ್ಳಿ_ತೋಟ:
ಅಕ್ಕ, ಕಾರ್ಡಿಗೆ ತೂತು ಮಾಡಿ ಈಗ್ಲೇ ನೋಡ್ದೆ. ಪಂಚಾಂಗದ ಸಣ್ಣ ಅಕ್ಷರ ಕನ್ನಡಕ ಇಲ್ದೇ ಓದ್ದೆ! ಮನೆಯವ್ರಿಗೆಲ್ಲಾ ತೋರಿಸಿದೆ. ಆದ್ರೆ ಸಂಜೆ ಬೆಳಕಿನ ಮಾತು ನಿಜ, ನಮಗೆ ಹಗಲು ಹೊತ್ತು ಸಿಗೋದೇ ಇಲ್ಲ. ಸ್ಕೋಪೇ ನೋಡೋಣ.

ಬಾಳೆಹೊನ್ನೂರು_ಪ್ಲಾಂಟರ್:
ಸ್ಕೋಪ್ ಹಾಕಿದ್ಮೇಲೆ ಮಂಗಕ್ಕೂ ನಾಲ್ಕು ಬಿಡಿ ಸ್ವಾಮಿ. ಈ ವರ್ಷ ಏಲಕ್ಕಿ ಬಾಳೆ ಒಟ್ರಾಶಿ ಹೋಯ್ತು ನಮ್ದು. ಎಳೆ ಅಡಿಕೇನೂ ಬಿಡಲ್ಲ ಈಗ.

ಸೊರಬದ_ಮೇಷ್ಟ್ರು:
ನಿಮ್ ಸಂಕಟ ಗೊತ್ತಾಗುತ್ತೆ, ನಮ್ದೂ ತೋಟ ಇದೆ. ಆದ್ರೆ ಈ ಮಾತು ಇಲ್ಲಿ ಬೇಡ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕಾಡುಪ್ರಾಣಿ ಹೊಡೆಯೋದು ಅಪರಾಧ, ಏರ್ ಗನ್ನಾದ್ರೂ ಕೋವಿಯಾದ್ರೂ ಒಂದೇ. ಮೇಲಾಗಿ 0.177ರಲ್ಲಿ ಮಂಗ ಸಾಯೋದೂ ಇಲ್ಲ, ಗಾಯ ಕೀವಾಗಿ ವಾರಗಟ್ಟಲೆ ನರಳುತ್ತೆ.

ಮತ್ತೆ ನಮ್ ಸೊರಬದವ್ರಿಗೆ ಮಂಗ ಅಂದ್ರೆ ಇನ್ನೊಂದು ಭಯ. ಮಂಗನ ಕಾಯಿಲೆ ಮೊದ್ಲು ಗೊತ್ತಾಗಿದ್ದೇ 1957ರಲ್ಲಿ ನಮ್ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ, ಅದಕ್ಕೇ ಕೆಎಫ್‌ಡಿ (ಕ್ಯಾಸನೂರು ಫಾರೆಸ್ಟ್ ಡಿಸೀಸ್) ಅನ್ನೋ ಹೆಸರು. ಮಂಗ ಸತ್ರೆ ಅದರ ಮೈಮೇಲಿನ ಉಣುಗು ಅಲ್ಲೇ ನೆಲಕ್ಕೆ ಇಳಿಯುತ್ತೆ, ಆ ಜಾಗದಲ್ಲಿ ಓಡಾಡಿದವ್ರಿಗೆ ಹತ್ತುತ್ತೆ. ತೋಟದಲ್ಲಿ ಸತ್ತ ಮಂಗ ಕಂಡ್ರೆ ಮುಟ್ಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಬಾಳೆಹೊನ್ನೂರು_ಪ್ಲಾಂಟರ್:
ಮೇಷ್ಟ್ರೆ, ಸಿಟ್ಟಲ್ಲಿ ಬರೆದೆ, ಹೊಡೆಯೋನಲ್ಲ ನಾನು. ಪಟಾಕಿ ಹೊಡೆದೂ ಹೊಡೆದೂ ಸಾಕಾಗಿದೆ ಅಷ್ಟೆ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸಿರೋ ಜೋಡಿ ನಳಿಗೆ ಕೋವಿ ಇದೆ, ಅದೂ ಚುನಾವಣೆ ಬಂದಾಗೆಲ್ಲ ಠಾಣೆಗೆ ಒಪ್ಪಿಸಿ ತಿಂಗಳುಗಟ್ಟಲೆ ಕಾಯ್ಬೇಕು. ಅಂದಹಾಗೆ ಆ ಕೋವಿಗೆ ಸ್ಕೋಪ್ ಹಾಕ್ಬೋದಾ?

ಕೊಪ್ಪ_ಸ್ಪ್ರಿಂಗರ್:
ಪ್ರಯೋಜನ ಇಲ್ಲ. ಜೋಡಿ ನಳಿಗೆ ಒಳಗೆ ನುಣುಪು, ಚರೆ ಹರಡ್ಕೊಂಡು ಹೋಗುತ್ತೆ. ಅದು ಎರಡೂ ಕಣ್ಣು ಬಿಟ್ಟು ಬೀಸಿ ಹಿಡಿಯೋ ಸಾಮಾನು. ಸ್ಕೋಪ್ ಏನಿದ್ರೂ ಒಳಗೆ ತಿರುಪಿನ ಗೆರೆ ಕೊರೆದಿರೋ ರೈಫಲ್ ನಳಿಗೆಗೆ.

ಹೊಸನಗರದ_ಹುಡ್ಗ:
ಏರ್ ಗನ್ನಿಗೆ ಲೈಸೆನ್ಸ್ ಬೇಕಾ ಹಾಗಾದ್ರೆ?

ಸೊರಬದ_ಮೇಷ್ಟ್ರು:
2016ರ ಆಯುಧ ನಿಯಮದಲ್ಲಿ 0.177 ಇಂಚಿನ ಒಳಗೆ, ಶಕ್ತಿ 20 ಜೂಲಿನ ಒಳಗೆ ಇದ್ರೆ ಲೈಸೆನ್ಸ್ ಬೇಡ. ಎರಡರಲ್ಲಿ ಒಂದು ದಾಟಿದ್ರೂ ಬೇಕು. ಸ್ಪ್ರಿಂಗ್ ಬದಲಾಯಿಸಿ ಜೋರು ಮಾಡ್ಕೊಡ್ತೀವಿ ಅನ್ನೋರ ಮಾತು ಕೇಳ್ಬೇಡಿ. ಬಿಲ್ ಜೋಪಾನ ಇಟ್ಕೊಳಿ.

ಭದ್ರಾವತಿ_ಟರ್ನರ್:
ಮತ್ತೆ ವಿಷಯಕ್ಕೆ ಬರ್ತೀನಿ, ತೋಟದವ್ರೆ ಅಳತೆ ಎಷ್ಟ್ ಬಂತು?

ಮೇಗರವಳ್ಳಿ_ತೋಟ:
11.2 ಬಂತು ಸರ್. ಹತ್ತು ದಿನ ಆದ್ಮೇಲೆ ಬರೀತಿದೀನಿ, ಕ್ಷಮಿಸಿ, ಅಡಿಕೆ ಸುಲಿಯೋ ಗಡಿಬಿಡಿ. 3-9×40 ಎಒ ಇರೋದು ತಗೊಂಡೆ, ಪೆಟ್ಟಿಗೆ ಮೇಲೆ ಸ್ಪ್ರಿಂಗ್ ಗನ್ನಿಗೂ ಆಗುತ್ತೆ ಅಂತ ಬರೆದಿದೆ, ಬಳೆ 10 ಗಜದಿಂದ ಶುರು. 4,800. ಒಂದೇ ತುಂಡಿನ ಮೌಂಟ್ 1,050. ಒಟ್ಟು 5,850. ಪಿನ್ ತೂತಲ್ಲಿ ಟಕ್ ಅಂತ ಕೂತ್ಕೊಂತು.

ಆದ್ರೆ ಒಂದು ತಲೆನೋವು. ಈಡು ಎಲ್ಲಾ ಕೆಳಗೇ ಬೀಳ್ತಿದೆ, ಒಂದ್ ಗೇಣು ಕೆಳಗೆ. ಮೇಲಿನ ಗುಂಡಿ ತಿರುಗಿಸಿ ತಿರುಗಿಸಿ ಕೊನೆಗೆ ಮುಟ್ಟಿದೆ, ಇನ್ನೂ ಎರಡಿಂಚು ಕೆಳಗೇ ಇದೆ. ಸ್ಕೋಪೇ ಹಾಳಾ?

ಕೊಪ್ಪ_ಸ್ಪ್ರಿಂಗರ್:
ಸ್ಕೋಪ್ ಸರಿ ಇದೆ. ಬಗ್ಗಿಸೋ ನಳಿಗೆ ಗನ್ನಲ್ಲಿ ನಳಿಗೆ ಕೂದಲೆಳೆ ಕೆಳಗೆ ನೋಡ್ತಿರುತ್ತೆ, ತುಂಬಾ ಗನ್ನಲ್ಲಿ ಇದೆ ಇದು. ಆ ಗುಂಡಿಯನ್ನ ಕೊನೆ ತನಕ ತಿರುಗಿಸಿ ಬಿಡ್ಬೇಡಿ, ಅಲ್ಲಿ ಒಳಗಿನ ಸ್ಪ್ರಿಂಗ್ ಸಡಿಲ ಆಗಿ ಗುರಿ ಒಂದೊಂದು ಈಡಿಗೆ ಒಂದೊಂದು ಕಡೆ ಹೋಗುತ್ತೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಎಷ್ಟು ಕ್ಲಿಕ್ ಎಣಿಸಿ, ಅರ್ಧಕ್ಕೆ ವಾಪಸ್ ತನ್ನಿ. ಹಿಂದಿನ ಉಂಗುರದ ಒಳಗೆ, ಟ್ಯೂಬಿನ ಅಡಿಗೆ, ಹಳೇ ಫೋಟೋ ನೆಗೆಟಿವ್ ರೀಲಿನ ತುಂಡು ಎರಡು ಇಡಿ. ಹಿಂಬದಿ ಎತ್ತರ ಆದ್ರೆ ಈಡು ಮೇಲೆ ಬರುತ್ತೆ.

ಭದ್ರಾವತಿ_ಟರ್ನರ್:
ಎರಡು ತುಂಡು ಸಾಕು, ನಾಲ್ಕೈದು ಇಟ್ರೆ ಟ್ಯೂಬ್ ಬೆಂಡಾಗುತ್ತೆ. ಸಾಲ್ದಿದ್ರೆ ಹಿಂದೆ ಎತ್ತರ ಇರೋ ಮೌಂಟೇ ಸಿಗುತ್ತೆ. ಮೇಲಿನ ಸ್ಕ್ರೂಗಳನ್ನ ಎಲ್ ಕೀನ ಗಿಡ್ಡ ಕಡೆ ಹಿಡಿದು ಎರಡೇ ಬೆರಳಲ್ಲಿ ಬಿಗಿ ಮಾಡಿ. ಒಂದು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗ್ಬೇಡಿ, ಕಾರಿನ ಚಕ್ರಕ್ಕೆ ನಟ್ ಹಾಕಿದಂಗೆ ಮೂಲೆ ಮೂಲೆ.

ಕುಪ್ಪಳಿ_ಕ್ಯಾಮೆರಾ:
ನನ್ ಹತ್ರ ನೆಗೆಟಿವ್ ರಾಶಿ ಬಿದ್ದಿದೆ, ಬೇಕಾದ್ರೆ ತೀರ್ಥಹಳ್ಳಿಗೆ ಬಂದಾಗ ಕೊಡ್ತೀನಿ.

ಮೇಗರವಳ್ಳಿ_ತೋಟ:
ಮನೇಲೇ ಸಿಕ್ತು ಸರ್, ನಮ್ ಮದುವೆ ರೀಲು. ಮುಖ ಇಲ್ದಿರೋ ಖಾಲಿ ತುದಿ ಕತ್ತರಿಸಿದೆ. ಎರಡು ತುಂಡಿಟ್ಟೆ, ಈಡು ಮೇಲೆ ಬಂತು! ಈಗ ಕ್ಲಿಕ್ ಲೆಕ್ಕ ಹೇಳಿ, ಕಾಲು ಎಂಒಎ ಅಂತ ಬರೆದಿದೆ.

ಕೊಪ್ಪ_ಸ್ಪ್ರಿಂಗರ್:
ಎಂಒಎ ಅಂದ್ರೆ ಕೋನದ ಅಳತೆ, ಒಂದು ಡಿಗ್ರಿಯ 60ನೇ ಒಂದು ಪಾಲು. ಕಾಲು ಎಂಒಎ ಅಂದ್ರೆ 100 ಮೀಟರಲ್ಲಿ ಒಂದು ಕ್ಲಿಕ್ಕಿಗೆ 7 ಮಿಲಿಮೀಟರ್ ಚಿಲ್ರೆ. 20 ಮೀಟರಲ್ಲಿ ಅದರ ಐದನೇ ಒಂದು, ಒಂದೂವರೆಗೆ ಹತ್ರ. ಏಳು ಕ್ಲಿಕ್ಕಿಗೆ ಒಂದು ಸೆಂಟಿಮೀಟರ್ ಅಂತ ನೆನಪಿಟ್ಕೊಳಿ. ಒಂದೊಂದು ಈಡಿಗೂ ತಿರುಗಿಸ್ಬೇಡಿ, ಐದು ಹೊಡೆದು ಗುಂಪಿನ ನಡುಮಧ್ಯ ನೋಡಿ ತಿರುಗಿಸಿ. 20ಕ್ಕೆ ಸರಿ ಮಾಡಿದ್ಮೇಲೆ 10 ಮೀಟರಿಂದ ಹೊಡೆದ್ರೆ ಒಂದು ಸೆಂಟಿಮೀಟರ್ ಕೆಳಗೆ ಬೀಳುತ್ತೆ, ಸ್ಕೋಪು ನಳಿಗೆಗಿಂತ ಮೇಲೆ ಇರೋದ್ರಿಂದ. ಗಾಬರಿ ಆಗ್ಬೇಡಿ.

ಹಿಡಿಯೋದು ಗಟ್ಟಿ ಬೇಡ. ಎಡಗೈ ಅಂಗೈ ಬಿಚ್ಚಿ, ಅದ್ರ ಮೇಲೆ ಗನ್ ಸುಮ್ನೆ ಕೂರಿಸಿ, ಜಗ್ಗೋದು ಅದ್ರ ಪಾಡಿಗೆ ಜಗ್ಗಲಿ. ಮೇಜಿನ ಮೇಲೆ ನೇರ ಇಟ್ಟು ಹೊಡೆದ್ರೆ ಗುಂಪು ಬೇರೆ ಕಡೆಗೇ ಹೋಗುತ್ತೆ. ಪೆಲೆಟ್ ಎರಡು ಮೂರು ಥರದ್ದು ತಂದು ನೋಡಿ, ಒಂದೊಂದು ನಳಿಗೆಗೆ ಒಂದೊಂದು ಒಗ್ಗುತ್ತೆ. ಪೆಲೆಟ್ ಇಲ್ದೇ ಖಾಲಿ ಮಾತ್ರ ಹೊಡೀಬೇಡಿ, ಪಿಸ್ಟನ್ ವಾಷರ್ ಹೋಗುತ್ತೆ.

ತೀರ್ಥಹಳ್ಳಿ_ಕನ್ನಡಕ:
ಧರೆ ಮಣ್ಣಿಂದಾ, ಜಂಬಿಟ್ಟಿಗೆ ಕಲ್ಲಿಂದಾ? ಕಲ್ಲಾದ್ರೆ ಪೆಲೆಟ್ ವಾಪಸ್ ಚಿಮ್ಮುತ್ತೆ. ಹಳೇ ಬಟ್ಟೆ ತುರುಕಿದ ಗೋಣಿಚೀಲ ಹಿಂದೆ ಇಡಿ. ಮಗಳಿಗೂ ನಿಮಗೂ ರಕ್ಷಣೆ ಕನ್ನಡಕ ಬೇಕೇ ಬೇಕು. ಪೆಲೆಟ್ ಸೀಸದ್ದು, ಆಡಿದ್ಮೇಲೆ ಸೋಪ್ ಹಾಕಿ ಕೈ ತೊಳೀರಿ. ಸ್ಕೋಪಲ್ಲಿ ಸೂರ್ಯನ ಕಡೆ ಅಪ್ಪಿತಪ್ಪಿಯೂ ನೋಡ್ಬಾರ್ದು ಅಂತ ಮಗಳಿಗೆ ಹೇಳಿಟ್ಟಿರಿ.

ಮೇಗರವಳ್ಳಿ_ತೋಟ:
ಮೇಲ್ಗಡೆ ಮಣ್ಣು, ಬುಡದಲ್ಲಿ ಜಂಬಿಟ್ಟಿಗೆ ಇದೆ ಅಕ್ಕ. ಗೋಣಿಚೀಲ ಇವತ್ತೇ ಇಡ್ತೀನಿ.

ಇನ್ನೊಂದೇ ಪ್ರಶ್ನೆ, ಮಳೆಗಾಲದಲ್ಲಿ ಇಡೋದು ಎಲ್ಲಿ? ಅಪ್ಪಯ್ಯ ಕೋವಿನ ಒಲೆ ಮೇಲಿನ ಅಟ್ಟದಲ್ಲಿ ಇಡ್ತಿದ್ರು, ಬೆಚ್ಚಗಿರುತ್ತೆ ಅಂತ.

ಸಾಗರ_ಎಲೆಕ್ಟ್ರಿಷಿಯನ್:
ಅಕ್ಕಿ ಡಬ್ಬೀಲಿ ಹುಗಿದಿಡಿ, ತೇವ ಎಳ್ಕೊಳುತ್ತೆ.

ಕುಪ್ಪಳಿ_ಕ್ಯಾಮೆರಾ:
ಎರಡೂ ಬೇಡ. ಅಟ್ಟದಲ್ಲಿ ಹೊಗೆಯ ಜಿಡ್ಡು ಗಾಜಿಗೆ ಕೂರುತ್ತೆ, ಅಕ್ಕಿ ತೌಡು ಬಳೆ ಸಂದಿಗೆ ಹೋಗುತ್ತೆ. ಮುಚ್ಚಳ ಬಿಗಿ ಇರೋ ಉದ್ದ ಪ್ಲಾಸ್ಟಿಕ್ ಡಬ್ಬ ತಗೊಳಿ, ನೀಲಿ ಸಿಲಿಕಾ ಜೆಲ್ ಕಾಲು ಕೆಜಿ ಬಟ್ಟೇಲಿ ಕಟ್ಟಿ ಒಳಗಿಡಿ. ಗುಲಾಬಿ ಬಣ್ಣಕ್ಕೆ ತಿರುಗಿದ್ರೆ ತೇವ ಕುಡಿದು ತುಂಬಿದೆ ಅಂತ, ಅಡುಗೆಗೆ ಬಳಸ್ದಿರೋ ಬಾಣಲೇಲಿ ಸಣ್ಣ ಉರೀಲಿ ಬಿಸಿ ಮಾಡಿ, ಮತ್ತೆ ನೀಲಿ ಆಗುತ್ತೆ. ಚರ್ಮದ ಚೀಲ, ಸ್ಪಂಜಿನ ಪೆಟ್ಟಿಗೆ ಬೇಡ, ಅವೇ ಬೂಷ್ಟಿನ ತವರು. ಬಿಸಿಲು ಬಂದ ದಿನ ಡಬ್ಬ ತೆಗೆದು ಜಗಲೀಲಿ ಒಂದ್ ಗಂಟೆ ಗಾಳಿಗಿಡಿ. ಪಂಚೆ ತುದೀಲಿ ಗಾಜು ಒರೆಸ್ಬೇಡಿ, ಮೊದ್ಲು ಊದಿ, ಆಮೇಲೆ ಲೆನ್ಸ್ ಬಟ್ಟೆ.

ಮೇಗರವಳ್ಳಿ_ತೋಟ:
ನಿನ್ನೆ ಸಂಜೆ ಐದೂವರೆಗೆ 6ಕ್ಕಿಟ್ಟು ಐದು ಈಡು ಹೊಡೆದೆ, 20 ಮೀಟರ್. ಐದೂ ಒಂದ್ ರೂಪಾಯಿ ನಾಣ್ಯದ ಅಡಿ ಮುಚ್ಚಿ ಹೋಗ್ತವೆ. ಮಗಳು ಆಮೇಲೆ ಕೂತ್ಲು, ಅವಳದ್ದು ನಾಲ್ಕು ಒಂದಕ್ಕೊಂದು ಅಂಟ್ಕೊಂಡೇ ಇದ್ವು, ಒಂದು ಮಾತ್ರ ಆಚೆ. ಆ ಹಾಳೆ ಎತ್ತಿಟ್ಟಿದೀನಿ. ಎಲ್ರಿಗೂ ತುಂಬಾ ಉಪಕಾರ ಆಯ್ತು.

ಶೃಂಗೇರಿ_ಮಾಣಿ:
ಆ ಹುಡುಗಿಗೆ ಪೀಪ್ ಸೈಟ್ ಕೊಡ್ಸಿ ಅಂಕಲ್, ನಿಜ ಹೇಳ್ತಿದೀನಿ. ಅವಳ ಕಣ್ಣಿಗೇನೂ ಆಗಿಲ್ವಲ್ಲ.

ಭದ್ರಾವತಿ_ಟರ್ನರ್:
ಒಳ್ಳೇದಾಯ್ತು. ಪೆನ್ಸಿಲ್ ಗೆರೆ ಎಳೆದಿದೀರಿ ತಾನೆ? ಐವತ್ತು ಈಡು ಆದ್ಮೇಲೆ ಗೆರೆ ಎಲ್ಲಿದೆ ನೋಡಿ ಬರೀರಿ, ಸ್ಕ್ರೂಗಳನ್ನೂ ಒಂದ್ಸಲ ಮುಟ್ಟಿ ನೋಡಿ.